ನಾಲ್ಕನೆಯ ಪ್ರತಿ

ಪರದೆಯ ಮೇಲಿನ ಆಕಾಶಕ್ಕೆ ಹಲ್ಲುಜ್ಜುವ ಪೇಸ್ಟಿನ ಬಣ್ಣ ಬಳಿದಿದ್ದರು. ನೋಡಿದ ಕೂಡಲೇ ಅವನಿಗೆ ಒಂದು ಬಗೆಯ ಸಮಾಧಾನವಾಯಿತು. ಎಷ್ಟು ಕೆಟ್ಟದಾಗಿರಬಹುದೆಂದು ಬೆಳಗ್ಗೆ ಎದ್ದಾಗಿನಿಂದ ಎಣಿಸಿದ್ದನೋ ಅಷ್ಟೇ ಕೆಟ್ಟದಾಗಿತ್ತು, ಎಳ್ಳಷ್ಟೂ ಕಡಿಮೆಯಿರಲಿಲ್ಲ. ಹಳೆಯ ಫಿಲ್ಮುಗಳನ್ನು ಕಾಪಿಡುವ ಚಿತ್ರಾಗಾರದ ನೆಲಮಾಳಿಗೆಯ ಪುಟ್ಟ ಪ್ರದರ್ಶನ ಕೋಣೆಯಲ್ಲಿ ಅವನ ಪಕ್ಕಕ್ಕೆ ಮುಖ್ಯಸ್ಥರು ಕೂತಿದ್ದರು. ಮುಂದಿನ ಸಾಲಿನಲ್ಲಿ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಬಣ್ಣದ ಹುಡುಗಿ. ಅವಳಿಗೆ ಮೂವತ್ತೆರಡು ವರ್ಷ, ಸ್ವಂತ ಸ್ಟುಡಿಯೊ ಇತ್ತು, ಕೈಕೆಳಗೆ ನಾಲ್ಕು ಜನರಿದ್ದರು. ಆದರೂ ಅವನು ಮನಸ್ಸಿನಲ್ಲೂ ಬಾಯಲ್ಲೂ ಅವಳನ್ನು ಬಣ್ಣದ ಹುಡುಗಿ ಎಂದೇ ಕರೆಯುತ್ತಿದ್ದ. ಪರದೆಯ ಮೇಲೆ ಐವತ್ತನಾಲ್ಕು ವರ್ಷದ ಹಿಂದಿನ ಒಂದು ಕಾರ್ಖಾನೆ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಅದು. ಅದರ ಮಾಲೀಕರು ತಮ್ಮ ಹೆಮ್ಮೆಗೆಂದು ತೆಗೆಸಿದ್ದ ಹದಿನಾಲ್ಕು ನಿಮಿಷದ ಕಪ್ಪುಬಿಳುಪು ಚಿತ್ರ. ಗೇಟು ತೆರೆಯುತ್ತದೆ, ಸೈಕಲ್ಲುಗಳು ಒಳಗೆ ಬರುತ್ತವೆ, ಕಾವಲುಗಾರ ಕ್ಯಾಮೆರಾ ನೋಡಬಾರದೆಂದು ಯಾರೋ ಹೇಳಿದ್ದಕ್ಕೆ ಕ್ಯಾಮೆರಾವನ್ನೇ ನೋಡುತ್ತಾನೆ. ಈಗ ಕಂಪ್ಯೂಟರಿನಲ್ಲಿ ಬಣ್ಣ ತುಂಬಿಸಿದ ಮೇಲೆ ಸೈಕಲ್ಲುಗಳೆಲ್ಲ ಹಸಿರು, ಗೇಟು ಕೆಂಪು, ಕಾವಲುಗಾರನ ಕೆನ್ನೆ ಆಗತಾನೇ ಯಾರೋ ಬಾರಿಸಿದ ಹಾಗೆ ಗುಲಾಬಿ. ಸತ್ತವರಿಗೆಲ್ಲ ಪೌಡರು ಬಳಿದು ಮೆರವಣಿಗೆ ಹೊರಡಿಸಿದ್ದಾರೆ ಎಂದುಕೊಂಡ. ಮಾತು ಚೆನ್ನಾಗಿದೆ ಅನ್ನಿಸಿತು. ಚಿತ್ರ ಮುಗಿದ ಮೇಲೆ ಹೇಳುವುದಕ್ಕಿರಲಿ ಎಂದು ನೆನಪಿನಲ್ಲಿಟ್ಟುಕೊಂಡ.

ಹೇಳಿದ್ದೂ ಆಯಿತು. ಮುಖ್ಯಸ್ಥರು ನಕ್ಕರು. ಅವರು ಯಾವುದಕ್ಕೂ ನಗುವವರು. ಈ ಕುರ್ಚಿಗೆ ಬರುವ ಮೊದಲು ಪ್ರವಾಸೋದ್ಯಮ ಇಲಾಖೆಯಲ್ಲಿದ್ದು, ಬೋಳು ಗುಡ್ಡವೊಂದನ್ನು ಸೂರ್ಯಾಸ್ತದ ಜಾಗವೆಂದು ಜನರಿಗೆ ದಾಟಿಸಿದ್ದ ಪ್ರತಿಭೆ. ಹಳೆಯ ಫಿಲ್ಮಿನ ಡಬ್ಬಿ ತೆರೆದರೆ ವಿನೆಗರ್ ವಾಸನೆ ಯಾಕೆ ಬರುತ್ತದೆ ಎಂದು ಮೊದಲ ವಾರ ಕೇಳಿದ್ದರು. ಕೊಳೆಯುತ್ತಿರುವ ಫಿಲ್ಮಿನ ವಾಸನೆ ಅದು ಎಂದಾಗ, ಅಯ್ಯೋ, ಏನಾದರೂ ಸುಗಂಧ ಸಿಂಪಡಿಸಬಾರದೇ ಎಂದಿದ್ದರು. ಅಂಥವರ ಮುಂದೆ ಮೂವತ್ತು ವರ್ಷ ರೀಲು ತೊಳೆದು, ಒರೆಸಿ, ಹರಿದದ್ದನ್ನು ಅಂಟಿಸಿ, ಕಣ್ಣು ಕೆಡಿಸಿಕೊಂಡ ತಾನು ಹಲ್ಲು ಗಿಂಜಿ ಕೂರಬೇಕು. ಕಚೇರಿಯಲ್ಲಿ ಅವನನ್ನು ಎಲ್ಲರೂ ಬೂದು ಮೇಷ್ಟ್ರು ಅನ್ನುತ್ತಿದ್ದರು. ತರಬೇತಿಗೆ ಬಂದವರಿಗೆಲ್ಲ ಬೂದು ಬಣ್ಣದ ಮಹಿಮೆಯನ್ನು ಅವನು ಅಷ್ಟು ಕೊರೆಯುತ್ತಿದ್ದ. ಆ ಹೆಸರು ತನ್ನ ಕಿವಿಗೆ ಬಿದ್ದಿಲ್ಲವೆಂಬಂತೆ ಇರುತ್ತಿದ್ದನಾದರೂ ಒಳಗೊಳಗೇ ಅದು ಅವನಿಗೆ ಇಷ್ಟವಾಗಿತ್ತು.

"ನೋಡಿ ಮೇಷ್ಟ್ರೇ, ಕಪ್ಪುಬಿಳುಪು ಅಂದ್ರೆ ಈಗಿನವರು ಎದ್ದು ಹೋಗ್ತಾರೆ. ನಾವು ಜನಕ್ಕೆ ಹತ್ತಿರ ಆಗ್ಬೇಕು. ಇನ್ನು ಹದಿನೈದು ದಿನಕ್ಕೆ ವಾರ್ಷಿಕೋತ್ಸವ, ಹಾಲ್ ತುಂಬ್ಬೇಕು. ಬಣ್ಣಗಳು ವಾಸ್ತವಕ್ಕೆ ಹತ್ತಿರವಾಗಿವೆ ಅಂತ ನೀವೊಂದು ಸಹಿ ಹಾಕಿಬಿಟ್ರೆ ಆಯ್ತು."

"ವಾಸ್ತವ ಯಾರು ನೋಡಿದ್ದಾರೆ ಸಾರ್? ಇವಳು ನೋಡಿದ್ದಾಳಾ?"

ಬಣ್ಣದ ಹುಡುಗಿ ತಿರುಗಿ ಕೂತಳು. ಎಂಟು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಅವನ ಪಾಠ ಕೇಳಿದವಳು. ಆಗಲೂ ಹೀಗೇ ತಿರುಗಿ ಕೂತು ಪ್ರಶ್ನೆ ಕೇಳುತ್ತಿದ್ದಳು. "ಅವರೇನು ಕಪ್ಪುಬಿಳುಪಿನಲ್ಲಿ ಬದುಕಿದ್ರಾ ಸಾರ್? ಅವರ ಬಟ್ಟೆಗೂ ಬಣ್ಣ ಇತ್ತು, ಬೇಲಿಗೂ ಇತ್ತು. ಕ್ಯಾಮೆರಾಕ್ಕೆ ಕಾಣ್ಲಿಲ್ಲ ಅಷ್ಟೇ. ಕ್ಯಾಮೆರಾದ ಕುರುಡನ್ನ ನಾವ್ಯಾಕೆ ಕಾಪಾಡ್ಕೊಂಡು ಬರ್ಬೇಕು?"

"ಕಾಣದೇ ಇದ್ದದ್ದನ್ನ ಕಾಣ್ಲಿಲ್ಲ ಅಂತ ಒಪ್ಕೊಳೋಕೂ ಒಂದು ಮರ್ಯಾದೆ ಬೇಕಮ್ಮ. ನೀನು ಹಾಕ್ತಿರೋದು ಅವರ ಬಣ್ಣ ಅಲ್ಲ, ನಿನ್ನ ಬಣ್ಣ. ಬೂದು ಅಂದ್ರೆ ಗೊತ್ತಿಲ್ಲ ಅಂತ ಅರ್ಥ. ಅದು ಸುಳ್ಳು ಹೇಳಲ್ಲ."

ಅವಳು ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಅವನ ತೊಡೆಯ ಮೇಲಿಟ್ಟಳು. ಒಂದೊಂದು ವಸ್ತುವಿನ ಎದುರಿಗೆ ಬಣ್ಣ, ಬಣ್ಣದ ಎದುರಿಗೆ ಸಾಕ್ಷಿ. ಗೇಟು ಕೆಂಪು, ಯಾಕೆಂದರೆ ಆ ಗೇಟು ಈಗ ಗುಜರಿಯವನ ಅಂಗಳದಲ್ಲಿದೆ, ಇವಳು ಹೋಗಿ ಏಳು ಪದರ ಪೇಂಟು ಕೆರೆದು ನೋಡಿದ್ದಾಳೆ. ಸೈಕಲ್ಲು ಹಸಿರು, ಯಾಕೆಂದರೆ ಕಾರ್ಖಾನೆಯವರು ಕೆಲಸಗಾರರಿಗೆಂದು ಒಂದೇ ಬಣ್ಣದಲ್ಲಿ ಒಟ್ಟಿಗೆ ತರಿಸಿದ್ದ ಆರ್ಡರಿನ ಕಾಗದ ಸಿಕ್ಕಿದೆ. ಫೋರ್‌ಮನ್ನನ ಸ್ವೆಟರು ಅವನ ಮೊಮ್ಮಗಳ ಟ್ರಂಕಿನಲ್ಲಿತ್ತು. ಪುಟ ತಿರುಗಿಸುತ್ತ ಹೋದ ಹಾಗೆ ಅವನ ಸಿಟ್ಟು ಹೆಚ್ಚಾಯಿತು. ಸೋಮಾರಿಗಳನ್ನು ಕಂಡರೆ ಮೂಗು ಮುರಿಯುವುದು ಸುಲಭ. ಇವಳು ಸೋಮಾರಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು! ಆಕಾಶದ ಎದುರಿಗೆ ಮಾತ್ರ 'ಊಹೆ' ಎಂದು ಬರೆದಿತ್ತು. ಪೇಸ್ಟಿನ ಕಂಪನಿಯವರ ಸಾಕ್ಷಿ ಇದೆ ಅಂತ ಬರೀಬೇಕಿತ್ತು ಎಂದು ಕುಟುಕಿದ. ಅವಳು ಅದಕ್ಕೆ ಸೊಪ್ಪು ಹಾಕದೆ, "ಮುಂದಿನ ಭಾಗ ನೋಡಿ ಸಾರ್, ತೊಟ್ಟಿಗಳು" ಎಂದು ಚಿತ್ರವನ್ನು ಮುಂದೆ ಓಡಿಸಿದಳು.

ತೊಟ್ಟಿಗಳ ಭಾಗ ಅವನಿಗೆ ಬಾಯಿಪಾಠವಾಗಿತ್ತು. ಸಾಲಾಗಿ ಐದು ತೊಟ್ಟಿ, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು, ನೂಲಿನ ಲಡಿಯನ್ನು ಕೋಲಿಗೆ ಸಿಕ್ಕಿಸಿ ಬಣ್ಣದಲ್ಲಿ ಅದ್ದಿ ಎತ್ತುವುದು. ಕ್ಯಾಮೆರಾ ಅವರ ಹಿಂದಿನಿಂದ ಸರಿಯುತ್ತ ಬಂದು ಮೂರನೆಯ ತೊಟ್ಟಿಯ ಹತ್ತಿರ ನಿಲ್ಲುತ್ತದೆ. ಹನ್ನೊಂದು ಸೆಕೆಂಡು. ಮುಖ ಕಾಣುವುದಿಲ್ಲ. ಬೆನ್ನು, ಎಡಕ್ಕೆ ವಾಲಿದ ಜಡೆ, ಮೊಣಕೈ ಮೇಲಕ್ಕೆ ಮಡಿಸಿದ ರವಿಕೆಯ ತೋಳು, ಎರಡು ಕೈ. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಲ್ಲಿ ಈ ರೀಲು ಶುಚಿಮಾಡುವಾಗ ಅವನು ಈ ಬೆನ್ನನ್ನು ಮೊದಲು ಕಂಡದ್ದು. ಕೈಯಲ್ಲಿದ್ದ ಹತ್ತಿಬಟ್ಟೆ ಹಾಗೇ ನಿಂತುಹೋಗಿತ್ತು. ಇದೇ ಕಾರ್ಖಾನೆಯಲ್ಲಿ ದುಡಿದಿದ್ದ ಅಮ್ಮ, ಮೂರನೇ ತೊಟ್ಟಿ ನನ್ನದು ಎಂದು ಹೇಳುತ್ತಿದ್ದಳು, ಬೇರೆಯವರು ನಮ್ಮ ಮನೆ ಇಂಥ ಬೀದಿಯಲ್ಲಿದೆ ಎನ್ನುವ ಹಾಗೆ. ಅವತ್ತು ಸಂಜೆ ಮನೆಗೆ ಹೋಗಿ ಹೇಳಬೇಕೆಂದುಕೊಂಡ, ಹೇಳಲಿಲ್ಲ. ಮಾರನೆಯ ದಿನ ಹೇಳೋಣವೆಂದುಕೊಂಡ. ಹಾಗೆ ಮೂವತ್ತು ವರ್ಷವಾಯಿತು. ಕಚೇರಿಯಲ್ಲೂ ಯಾರಿಗೂ ಹೇಳಲಿಲ್ಲ. ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು, ಫಿಲ್ಮಿನ ಸ್ಥಿತಿ ಪರೀಕ್ಷೆ ಎಂದು ರಿಜಿಸ್ಟರಿನಲ್ಲಿ ಬರೆದು, ಹನ್ನೊಂದು ಸೆಕೆಂಡು ನೋಡಿ ಡಬ್ಬಿ ಮುಚ್ಚುತ್ತಿದ್ದ.

ಈಗ ಪರದೆಯ ಮೇಲೆ ಆ ಕೈಗಳು ಸೋಪಿನ ಜಾಹೀರಾತಿನ ಕೈಗಳ ಹಾಗೆ ಬೆಳ್ಳಗೆ, ನುಣ್ಣಗೆ, ಉಗುರಿನ ತುದಿ ನಸುಗೆಂಪಾಗಿ ಮಿಂಚುತ್ತಿದ್ದವು. ಅಮ್ಮನ ಕೈ ಹೀಗಿರಲಿಲ್ಲ. ಅವನ ಒಂಬತ್ತನೆಯ ವಯಸ್ಸಿನಲ್ಲಿ ಶಾಲೆಯ ಬಿಳಿ ಅಂಗಿಯ ಕಾಲರಿನ ಮೇಲೆ ಎರಡು ಬೆರಳಿನ ನೀಲಿ ಗುರುತು. ಬೆಳಗ್ಗೆ ಅಮ್ಮ ಗುಂಡಿ ಹಾಕಿದ್ದಳು, ಅವಳ ಕೈ ಬೆವೆತಿತ್ತು. ಎಷ್ಟು ತಿಕ್ಕಿ ತೊಳೆದರೂ ಆ ಬಣ್ಣ ಹೋಗುತ್ತಿರಲಿಲ್ಲ. ಮೊಣಕೈವರೆಗೆ ನೀಲಿ, ಉಗುರಿನ ಸಂದಿಯಲ್ಲಿ ಇನ್ನೂ ಹೆಚ್ಚು. ಹಿಂದಿನ ಬೆಂಚಿನವನು ಏನೋ ಇದು ಎಂದು ಕೇಳಿದಾಗ ಇವನು ತಡವರಿಸದೆ ಶಾಯಿ ಎಂದಿದ್ದ. ಟೀಚರ್ ಕೇಳಿಸಿಕೊಂಡು, ನೋಡ್ರೋ, ಓದೋ ಹುಡುಗ ಅಂದ್ರೆ ಹೀಗಿರಬೇಕು, ಕಾಲರಿಗೂ ಶಾಯಿ ಎಂದು ಎಲ್ಲರ ಮುಂದೆ ಹೊಗಳಿದರು. ಆ ಹೊಗಳಿಕೆ ಅವನಿಗೆ ಸಿಹಿಯಾಗಿತ್ತು, ಅದೇ ಈಗಲೂ ಮೈ ಉರಿಸುವುದು. ಮಾರನೆಯ ದಿನದಿಂದ ಗುಂಡಿ ನಾನೇ ಹಾಕ್ಕೋತೀನಿ ಎಂದ. ಅಮ್ಮ ದೊಡ್ಡವನಾಗಿಬಿಟ್ಯಾ ಎಂದು ನಕ್ಕಳು. ಅದೇ ವರ್ಷ ಶಾಲೆಯ ದೊಡ್ಡ ಕೋಣೆಯಲ್ಲಿ ಬಿಳಿ ಬಟ್ಟೆ ಕಟ್ಟಿ ಒಂದು ಸಿನಿಮಾ ತೋರಿಸಿದರು. ಏನು ಸಿನಿಮಾ ಎಂಬುದು ಮರೆತುಹೋಗಿದೆ. ರಾಜನೂ ಬೂದು, ಕುದುರೆ ತೊಳೆಯುವವನೂ ಬೂದು, ಯಾರ ಕೈಗೂ ಬಣ್ಣವಿರಲಿಲ್ಲ ಎಂಬುದಷ್ಟೇ ನೆನಪಿದೆ. ಕತ್ತಲಲ್ಲಿ ಕೂತು ಅವನಿಗೆ ಎದೆ ಹಗುರವಾಗಿತ್ತು. ಅಲ್ಲಿಂದ ಹುಟ್ಟಿದ್ದು ಈ ಬೂದಿನ ಭಕ್ತಿ. ಅದನ್ನು ಸತ್ಯನಿಷ್ಠೆ ಎಂದು ಹೆಸರಿಟ್ಟು, ಅದರ ಮೇಲೆ ಸಂಬಳ ತಿಂದು, ಭಾಷಣ ಬಿಗಿದು, ಮರ್ಯಾದೆ ಸಂಪಾದಿಸಿದ್ದ. ಬಚ್ಚಿಟ್ಟುಕೊಳ್ಳುವುದಕ್ಕೆ ಒಂದು ಒಳ್ಳೆಯ ಜಾಗ ಸಿಕ್ಕಿತ್ತು, ಅಷ್ಟೇ.

"ಕೈ ತಪ್ಪಾಗಿದೆ" ಎಂದ.

"ಕೈಗೆ ಸಾಕ್ಷಿ ಸಿಗ್ಲಿಲ್ಲ ಸಾರ್. ಊಹೆ ಅಂತಾನೇ ಬರ್ದಿದೀನಿ. ಕಂಪ್ಯೂಟರ್ ಚರ್ಮ ಅಂದ್ಕೊಂಡು ಚರ್ಮದ ಬಣ್ಣ ಹಾಕಿದೆ."

"ನೀಲಿ ಇರ್ಬೇಕು. ಮೊಣಕೈವರೆಗೂ."

"ಹೇಗೆ ಹೇಳ್ತೀರಾ?"

"ಕಣ್ಣಿಲ್ವಾ ನಿಂಗೆ? ಮೂಲದಲ್ಲಿ ಎಷ್ಟು ಕಪ್ಪಗಿದೆ ನೋಡು. ಮುಂಗೈಗೂ ತೋಳಿಗೂ ವ್ಯತ್ಯಾಸ ಕಾಣಲ್ವಾ?"

ಅವಳು ಸ್ವಲ್ಪ ಹಿಂಜರಿದಳು. "ಮೂಲ ಎಲ್ಲಿದೆ ಸಾರ್? ನೆಗೆಟಿವ್ ಸುಟ್ಟುಹೋಗಿದೆ. ನಮ್ಮ ಹತ್ರ ಇರೋದು ಪ್ರತಿಯ ಪ್ರತಿಯ ಪ್ರತಿಯ ಪ್ರತಿ, ನಾಲ್ಕನೇದು. ಪ್ರತಿ ತೆಗೆದಷ್ಟೂ ನೆರಳೆಲ್ಲ ಕಪ್ಪಾಗ್ತಾ ಹೋಗುತ್ತೆ, ನಾಲ್ಕನೇ ಪ್ರತಿಯ ಕಪ್ಪನ್ನ ನಂಬ್ಬೇಡಿ ಅಂತ ನೀವೇ ತಾನೇ ಹೇಳ್ಕೊಟ್ಟಿದ್ದು? ತೊಟ್ಟಿಯ ನೆರಳು ಕೈ ಮೇಲೆ ಬಿದ್ದಿರಬಹುದಲ್ಲ."

ಮುಖಕ್ಕೆ ಹೊಡೆದ ಹಾಗಾಯಿತು. ಮುಖ್ಯಸ್ಥರು ಆಚೆ ಈಚೆ ನೋಡುತ್ತ ಆಟದ ರುಚಿ ಹತ್ತಿದವರಂತೆ ನಗುತ್ತಿದ್ದರು. ತನ್ನ ಪಾಠವನ್ನೇ ತನಗೆ ಒಪ್ಪಿಸುವ ಈ ಶಿಷ್ಯೆಗೆ, ಈ ಗುಡ್ಡ ಮಾರಿದವನಿಗೆ ಒಂದೇ ಏಟಿಗೆ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಹೇಳಬೇಕೆಂದು ಹೇಳಿದ್ದಲ್ಲ, ಗೆಲ್ಲಬೇಕೆಂದು ಹೇಳಿದ್ದು.

"ಆಕೆ ನನ್ನ ತಾಯಿ."

ಮುಖ್ಯಸ್ಥರು ಎದ್ದೇಬಿಟ್ಟರು. "ಅಯ್ಯೋ ಮೇಷ್ಟ್ರೇ! ಇಷ್ಟು ವರ್ಷ ಹೊಟ್ಟೆಯೊಳಗೆ ಇಟ್ಕೊಂಡಿದ್ರಾ? ಇದ್ದಾರಾ ಅವರು?"

"ಇದ್ದಾರೆ. ನನ್ನ ಜೊತೆನೇ."

"ಮುಗೀತು ಬಿಡಿ. ಕರ್ಕೊಂಡು ಬನ್ನಿ. ಪರದೆ ಮೇಲೂ ಅವರೇ, ಹಾಲ್‌ನಲ್ಲೂ ಅವರೇ. ಪತ್ರಿಕೆಯವರಿಗೆ ಇನ್ನೇನು ಬೇಕು!"

ಬಣ್ಣದ ಹುಡುಗಿಯ ಮುಖ ಮೆತ್ತಗಾಗಿತ್ತು. ಆ ಮರುಕ ಅವನಿಗೆ ಇನ್ನೂ ಅಸಹ್ಯವಾಯಿತು. "ಹಾಗಾದ್ರೆ ಅವರನ್ನ ಒಂದ್ಸಲ ಕೇಳ್ಬಹುದಾ ಸಾರ್? ನೀಲಿ ಅಂದ್ರೆ ಯಾವ ನೀಲಿ, ಎಲ್ಲಿವರೆಗೆ..."

"ಬೇಡ" ಎಂದ ಅವನು ತಕ್ಷಣ. "ವಯಸ್ಸಾಗಿದೆ. ತೊಂದರೆ ಕೊಡ್ಬೇಡ. ನಾನು ಹೇಳ್ತಿದೀನಲ್ಲ, ಸಾಲ್ದಾ?"

ಸಾಕು ಸಾರ್ ಎಂದು ಅವಳು ನೋಟ್‌ಬುಕ್ ತೆಗೆದುಕೊಂಡು 'ಊಹೆ'ಯನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ 'ಸಾಕ್ಷಿ: ಮಗ' ಎಂದು ಬರೆದಳು.

ಬಣ್ಣ ಹಾಕಿಸಲು ಎರಡು ದಿನ ಅವಳ ಪಕ್ಕದಲ್ಲಿ ಕೂತ. ಮೂವತ್ತು ವರ್ಷ ಯಾವುದನ್ನು ಬೈದಿದ್ದನೋ ಅದನ್ನೇ ಮಾಡುತ್ತ, ಇನ್ನೂ ಸ್ವಲ್ಪ ಗಾಢ, ಬೆರಳಿನ ಗೆಣ್ಣಿನಲ್ಲಿ ಕಡಿಮೆ, ಅಂಗೈಯಲ್ಲಿ ಹೆಚ್ಚು ಎಂದು ಹೇಳುತ್ತ ಹೋದ. ಅವಳು ಹೇಳಿದ ಹಾಗೆ ಮಾಡಿದಳು. ಒಮ್ಮೆ ಮಾತ್ರ, ಇಷ್ಟು ಬಣ್ಣ ನೆನಪಿರೋರು ಕಪ್ಪುಬಿಳುಪು ಯಾಕೆ ಅಷ್ಟು ಇಷ್ಟಪಡ್ತೀರಾ ಸಾರ್ ಎಂದು ಕೇಳಿದಳು, ಕೊಂಕಿಲ್ಲದೆ. ಅವನು ಕೆಲಸ ನೋಡು ಎಂದ. ಮುಗಿಯುವ ಹೊತ್ತಿಗೆ ಮೂರನೆಯ ತೊಟ್ಟಿಯ ಮುಂದೆ ನೀಲಿ ಕೈಗಳ ಹೆಂಗಸು ಲಡಿ ಎತ್ತುತ್ತಿದ್ದಳು. ಸಹಿ ಹಾಕಿದ. ಸಹಿ ಹಾಕುವಾಗ ತಾನು ಒಳ್ಳೆಯವನು ಎಂಬ ಭಾವನೆ ಬಂತು, ಬಹಳ ದಿನದ ಮೇಲೆ. ಒಂದು ತಪ್ಪನ್ನು ಸರಿಪಡಿಸಲು ಎಷ್ಟು ಕಡಿಮೆ ಸಾಕು! ಅಮ್ಮನ ಹತ್ತಿರ ಬಾಯಿಬಿಟ್ಟು ಕ್ಷಮೆ ಕೇಳಬೇಕಾಗಿಲ್ಲ, ಕಾಲರಿನ ಕಥೆ ತೆಗೆಯಬೇಕಾಗಿಲ್ಲ. ಕತ್ತಲಲ್ಲಿ ಪಕ್ಕ ಕೂರಿಸಿಕೊಂಡು ತೋರಿಸಿದರಾಯಿತು, ಅವಳಿಗೇ ಅರ್ಥವಾಗುತ್ತದೆ. ಹೆತ್ತವಳಿಗೆ ಎಲ್ಲ ಅರ್ಥವಾಗುತ್ತದೆಂಬ ಈ ನಂಬಿಕೆಯಿಂದಲೇ ಅವನು ಅವಳಿಗೆ ಐವತ್ತು ವರ್ಷದಿಂದ ಏನೂ ಹೇಳದೆ ಬಂದದ್ದು.

ಮನೆಯಲ್ಲಿ ಅಮ್ಮ ಕಿಟಕಿಯ ಹತ್ತಿರ ಕೂತು ಬಟ್ಟೆ ಮಡಿಸುತ್ತಿದ್ದಳು. ಎಪ್ಪತ್ತೆಂಟಾದರೂ ಬೇರೆಯವರು ಮಡಿಸಿದರೆ ಸರಿಹೋಗುತ್ತಿರಲಿಲ್ಲ. ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಕೈಯಲ್ಲಿ ಬಣ್ಣದ ಸುಳಿವೂ ಉಳಿದಿರಲಿಲ್ಲ, ನರಗಳು ಎದ್ದು ಚರ್ಮ ಕಾಗದದಂತಾಗಿತ್ತು.

"ಶನಿವಾರ ನಮ್ಮ ಆಫೀಸಲ್ಲಿ ಒಂದು ಕಾರ್ಯಕ್ರಮ ಇದೆ. ಬರ್ತೀಯಾ?"

"ನಾನ್ಯಾಕೋ? ಮೂವತ್ತು ವರ್ಷದಲ್ಲಿ ಒಂದು ದಿನ ಕರೆದವನಲ್ಲ."

"ಈಗ ಕರೀತಿದೀನಲ್ಲ."

"ಏನಿದೆ ಅಲ್ಲಿ?"

"ಒಂದು ಹಳೇ ಫಿಲ್ಮು. ನಿಂಗೆ ಇಷ್ಟ ಆಗುತ್ತೆ. ನೋಡ್ತೀಯಲ್ಲ."

ಅಮ್ಮ ಅವನ ಮುಖವನ್ನು ಒಂದು ಕ್ಷಣ ನೋಡಿದಳು. "ಬಾತ್‌ರೂಮ್ ಹತ್ತಿರ ಇರೋ ಕಡೆ ಕೂರಿಸು ಹಾಗಾದ್ರೆ" ಎಂದು ಇನ್ನೊಂದು ಟವೆಲಿಗೆ ಕೈ ಹಾಕಿದಳು.

ಶನಿವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಮುಖ್ಯಸ್ಥರು ಸಾಧಿಸಿದ್ದರು, ಗೋಡೆಯ ಉದ್ದಕ್ಕೂ ಜನ ನಿಂತಿದ್ದರು, ಮಕ್ಕಳು ಕುರ್ಚಿಗಳ ಮೇಲೆ ಹತ್ತಿ ಇಳಿಯುತ್ತಿದ್ದರು. ಇವರಲ್ಲಿ ಒಬ್ಬರಾದರೂ ಕಪ್ಪುಬಿಳುಪಿಗೆ ಬರುತ್ತಿದ್ದರೇ ಎಂಬ ತಿರಸ್ಕಾರವನ್ನು ಅವನು ಅಭ್ಯಾಸಬಲದಿಂದ ಎಬ್ಬಿಸಲು ನೋಡಿದ, ಅದು ಏಳಲಿಲ್ಲ. ಅಮ್ಮನನ್ನು ಎರಡನೆಯ ಸಾಲಿನ ತುದಿಗೆ ಕೂರಿಸಿ, ಅವಳ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ಅವಳು ತನ್ನ ಒಳ್ಳೆಯ ಶಾಲು ಹೊದ್ದಿದ್ದಳು, ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡಳು. ದೀಪ ಆರಿತು. ಗೇಟು ತೆರೆಯಿತು. "ಅಯ್ಯೋ, ನಮ್ಮ ಗೇಟು" ಎಂದಳು ಅಮ್ಮ, ಸ್ವಲ್ಪ ಜೋರಾಗಿಯೇ. ಹಿಂದಿನವರು ನಕ್ಕರು. "ಕೆಂಪೇ ಇತ್ತು ಕಣೋ. ಹೇಗೆ ಗೊತ್ತಾಯ್ತು ಇವರಿಗೆ? ಸೈಕಲ್ಲು ನೋಡು! ಬ್ರೇಕಿಲ್ಲದ ಸೈಕಲ್ಲುಗಳು. ಆ ಕಾವಲುಗಾರ ಮಹಾ ಕಳ್ಳ." ಅವಳು ಮಗುವಿನ ಹಾಗೆ ಮುಂದಕ್ಕೆ ಬಾಗಿದ್ದಳು. ಅವನಿಗೆ ಸಂತೋಷದಿಂದ ಕಣ್ಣು ಮಂಜಾಯಿತು. ಇನ್ನೇನು ಬರುತ್ತದೆ, ಇನ್ನೊಂದು ನಿಮಿಷ ಎಂದು ಎಣಿಸುತ್ತಿದ್ದ. ತೊಟ್ಟಿಗಳು ಬಂದವು. ಕ್ಯಾಮೆರಾ ಸರಿಯಿತು. ಮೂರನೆಯ ತೊಟ್ಟಿ, ಬೆನ್ನು, ಜಡೆ, ಎರಡು ನೀಲಿ ಕೈ. ಅವನು ಪರದೆಯನ್ನು ನೋಡಲಿಲ್ಲ, ಅಮ್ಮನನ್ನು ನೋಡಿದ.

ಅಮ್ಮ ಹಿಂದಕ್ಕೆ ಒರಗಿದಳು. ಹುಬ್ಬು ಗಂಟಿಕ್ಕಿತ್ತು.

"ಇವಳ ಕೈಗೆ ಯಾಕೋ ಬಣ್ಣ ಹಾಕಿದ್ದಾರೆ?"

"ನಿನ್ನ ಕೈ ಹಾಗೇ ಇತ್ತಲ್ಲಮ್ಮ" ಎಂದು ಪಿಸುಗುಟ್ಟಿದ. ಇದನ್ನು ಹೇಳಲು ಬಹಳ ಕಷ್ಟವಾಗುತ್ತದೆಂದುಕೊಂಡಿದ್ದ, ಸಲೀಸಾಗಿ ಬಂತು.

"ನಂದು ಇತ್ತು. ಇದು ನಾನಲ್ವಲ್ಲ."

"ಮೂರನೇ ತೊಟ್ಟಿ..."

"ತೊಟ್ಟಿ ನಂದೇ. ನಿಂತಿರೋಳು ಪ್ಯಾಕಿಂಗ್ ಹುಡುಗಿ, ಡಬ್ಬಕ್ಕೆ ಚೀಟಿ ಅಂಟಿಸ್ತಿದ್ಲು. ಜಡೆ ನೋಡು, ನಂದು ಇಷ್ಟು ದಪ್ಪ ಎಲ್ಲಿತ್ತು? ಕ್ಯಾಮೆರಾ ಬರೋ ದಿನ ಬಣ್ಣದ ಕೈಯವರನ್ನೆಲ್ಲ ಹಿಂದಿನ ಗೋದಾಮಿಗೆ ಕಳಿಸಿದ್ರು. ನೋಡೋಕೆ ಚೆನ್ನಾಗಿರಲ್ಲ ಅಂತ. ಹೊರಗಿಂದ ಚಿಲಕ ಹಾಕ್ಕೊಂಡು ಹೋದ್ರು, ಮಧ್ಯಾಹ್ನ ಪೂರ್ತಿ ಕೂತಿದ್ವಿ. ತೊಟ್ಟಿಗೆ ಬರೀ ನೀರು ತುಂಬಿಸಿ, ಬೆಳ್ಳನೆ ಕೈ ಇರೋರನ್ನ ತಂದು ನಿಲ್ಲಿಸಿದ್ರಂತೆ."

ಹನ್ನೊಂದು ಸೆಕೆಂಡು ಯಾವಾಗಲೋ ಮುಗಿದಿತ್ತು. ಪರದೆಯ ಮೇಲೆ ನೂಲು ಒಣಗುತ್ತಿತ್ತು. ಬಣ್ಣದ ಹುಡುಗಿಯ ಮಾತು ನೆನಪಾಯಿತು. ತೊಟ್ಟಿಯ ನೆರಳಿರಬಹುದಲ್ಲ ಸಾರ್. ಕಂಪ್ಯೂಟರಿಗೆ ಗೊತ್ತಿತ್ತು. ಏನೂ ಗೊತ್ತಿಲ್ಲದ ಆ ಯಂತ್ರ ಬೆಳ್ಳನೆಯ ಕೈಯನ್ನು ಬೆಳ್ಳಗೆ ಮಾಡಿತ್ತು, ಇವನು ಎರಡು ದಿನ ಕೂತು ಅದನ್ನು ಕೆಡಿಸಿದ್ದ. ಸುಳ್ಳು ಹೇಳದ ಬೂದು ಮೊದಲಿಂದಲೂ ಹಸಿ ಸುಳ್ಳನ್ನೇ ಹೇಳಿತ್ತು, ಮಾಲೀಕರ ಸುಳ್ಳನ್ನು. ಅದನ್ನು ಅವನು ಮೂವತ್ತು ವರ್ಷ ಹತ್ತಿಬಟ್ಟೆಯಲ್ಲಿ ಒರೆಸಿ ಒರೆಸಿ ಕಾಪಾಡಿದ್ದ. ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ಯಾರದೋ ಬೆನ್ನನ್ನು ನೋಡುತ್ತ ಕೂತಿದ್ದ! ಚೀಟಿ ಅಂಟಿಸುವವಳ ಬೆನ್ನು. ನಗು ಬರುವಂತಿತ್ತು. ಒಂದೇ ಒಂದು ಮಾತು, ಅಮ್ಮಾ ಇದು ನೀನೇನಾ ಎಂದು ಬಟ್ಟೆ ಮಡಿಸುತ್ತಿದ್ದವಳನ್ನು ಕೇಳಿದ್ದರೆ ಮುಗಿದಿತ್ತು. ಕೇಳಿದ್ದರೆ ಆ ಕೈಗಳ ವಿಷಯ ಬರುತ್ತಿತ್ತು, ಅದಕ್ಕೇ ಕೇಳಿರಲಿಲ್ಲ. ಕೇಳುತ್ತೇನೆಂದು ಬಂದ ಆ ಹುಡುಗಿಯನ್ನೂ ತಡೆದಿದ್ದ. ಅಮ್ಮನನ್ನು ಆವತ್ತು ಗೋದಾಮಿಗೆ ಕಳಿಸಿದವರಿಗೂ ತನಗೂ ಏನು ವ್ಯತ್ಯಾಸ ಎಂದು ಯೋಚಿಸಲು ಹೋದ. ಅವರು ಕೂಡಿಹಾಕಿದ್ದು ಒಂದೇ ಒಂದು ಮಧ್ಯಾಹ್ನ.

ದೀಪಗಳು ಹತ್ತಿದವು. ಮುಖ್ಯಸ್ಥರು ಮೈಕು ಹಿಡಿದು ವೇದಿಕೆಯ ಮೇಲಿದ್ದರು. ಅವರ ದನಿಯಲ್ಲಿ ಆಗಲೇ ಜೇನು ಸುರಿಯುತ್ತಿತ್ತು. ಹಳೆಯದಕ್ಕೆ ಬಣ್ಣ ಹಾಕುವುದು ತಪ್ಪು ಎಂದು ವಾದಿಸುತ್ತಿದ್ದ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಈ ಚಿತ್ರ ನೋಡಿ ಮನಸ್ಸು ಬದಲಾಯಿಸಿದರು, ಯಾಕೆ ಗೊತ್ತೇ ಎಂದು ನಿಲ್ಲಿಸಿ, ಎಲ್ಲರನ್ನೂ ಒಮ್ಮೆ ನೋಡಿ, ಆ ನೀಲಿ ಕೈಗಳು ಅವರ ತಾಯಿಯವು ಎಂದರು. ಆ ಮಹಾತಾಯಿ ಈಗ ಇಲ್ಲೇ, ನಮ್ಮ ನಡುವೆ ಕೂತಿದ್ದಾರೆ. ದಯವಿಟ್ಟು ಎದ್ದು ನಿಲ್ಲಬೇಕಮ್ಮ. ಇಡೀ ಹಾಲ್ ತಿರುಗಿತು. ಫೋಟೊದವರು ಓಡಿಬಂದರು. ಗೋಡೆಗೆ ಒರಗಿ ನಿಂತಿದ್ದ ಬಣ್ಣದ ಹುಡುಗಿ ಇವನನ್ನೇ ನೋಡುತ್ತ ನಗುತ್ತಿದ್ದಳು. ಅವಳ ಕಣ್ಣು ತುಂಬಿತ್ತು.

ಅಮ್ಮ ಅವನ ಕಡೆ ನೋಡಿದಳು. "ಹಾಗಂತ ನೀನು ಹೇಳಿದ್ಯಾ?"

ಅವನು ತಲೆ ತಗ್ಗಿಸಿದ. ಅವಳಿಗೆ ಅಷ್ಟು ಸಾಕಾಯಿತು. ಈಗ ಎದ್ದು ಎರಡು ಮಾತು ಹೇಳಬೇಕು. ತಪ್ಪಾಗಿದೆ, ಇದು ನನ್ನ ತಾಯಿಯಲ್ಲ. ಎಷ್ಟು ಸುಲಭದ ಮಾತು. ಹೇಳಿದರೆ ಮುಖ್ಯಸ್ಥರ ಬಾಯಿ ತೆರೆದೇ ಉಳಿಯುತ್ತದೆ, ಇವನ ಸಹಿಗೆ ಕಾಸಿನ ಬೆಲೆ ಇರುವುದಿಲ್ಲ, ತರಬೇತಿಗೆ ಬಂದವರು ಕಾರಿಡಾರಿನಲ್ಲಿ ಮಗ್ಗುಲು ತಿವಿದುಕೊಂಡು ನಗುತ್ತಾರೆ. ಬೂದು ಮೇಷ್ಟ್ರಿಗೆ ಹೆತ್ತ ತಾಯಿಯ ಬೆನ್ನೂ ಗೊತ್ತಾಗಲಿಲ್ಲವಂತೆ! ಆದರೆ ಗೋದಾಮಿನಲ್ಲಿ ಚಿಲಕ ಹಾಕಿಸಿಕೊಂಡು ಕೂತಿದ್ದವರ ಕಥೆ ಆಗ ಈ ಹಾಲ್‌ನಲ್ಲಿ ಮೊದಲ ಸಲ ಹೊರಗೆ ಬರುತ್ತದೆ. ಅದೊಂದೇ ಇಲ್ಲಿ ಹೇಳಲು ಯೋಗ್ಯವಾದದ್ದು, ಅದನ್ನು ಹೇಳಬೇಕಾದವನೂ ತಾನೇ. ಹೇಳುತ್ತೇನೆ, ಈಗ ಏಳುತ್ತೇನೆ ಎಂದುಕೊಂಡ. ಏಳಲಿಲ್ಲ. ಏಳದಿರುವುದಕ್ಕೆ ಒಂದು ಒಳ್ಳೆಯ ಕಾರಣವನ್ನು ಅವನ ತಲೆ ಆಗಲೇ ಹುಡುಕುತ್ತಿತ್ತು.

ಭುಜದ ಮೇಲೆ ಭಾರ ಬಿತ್ತು. ಅಮ್ಮ ಅವನ ಭುಜ ಹಿಡಿದುಕೊಂಡು, ಒಂದು ಸಲ ಜೋಲಿ ಹೊಡೆದು, ಎದ್ದು ನಿಂತಳು. ಶಾಲು ಸರಿಮಾಡಿಕೊಂಡಳು. ಚಪ್ಪಾಳೆ ಬಿತ್ತು. ಅವಳು ಜನರನ್ನು ನೋಡಿದಳು, ಮದುವೆಯೊಂದರಲ್ಲಿ ಗುರುತಿಲ್ಲದ ನೆಂಟರನ್ನು ನೋಡುವ ಹಾಗೆ, ಮರ್ಯಾದೆಯಿಂದ. ಮುಖ್ಯಸ್ಥರು ಮೆಟ್ಟಿಲಿಳಿದು ಬಂದು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು.

"ಹೇಳಿ ಅಮ್ಮ. ಬಣ್ಣ ಸರಿಯಾಗಿದೆಯಾ? ನಿಮ್ಮ ಕೈ ಹೀಗೇ ಇತ್ತಾ?"

ಅಮ್ಮ ಕೆಳಗೆ, ಕೂತಿದ್ದ ಮಗನ ನೆತ್ತಿಯನ್ನು ನೋಡಿದಳು. ತಾನು 'ಶಾಯಿ' ಎಂದಿದ್ದು ಅವಳಿಗೆ ಅಂದೇ ಗೊತ್ತಿತ್ತೆಂದು ಅವನಿಗೆ ಆಗ ಅನ್ನಿಸಿತು. ಯಾರು ಹೇಳಿದ್ದರೋ, ಹೇಗೆ ತಿಳಿದಿತ್ತೋ.

"ಸರಿಯಾಗಿದೆ" ಎಂದಳು ಅಮ್ಮ ಮೈಕಿಗೆ, ಅದು ಕಿರುಗುಟ್ಟಿದ್ದಕ್ಕೆ ಸ್ವಲ್ಪ ಹಿಂದೆ ಸರಿದು. "ನಂದು ಇನ್ನೂ ಗಾಢ ಇತ್ತು. ಉಗುರಂತೂ ಕಪ್ಪೇ. ಏನು ಮಾಡಿದ್ರೂ ಹೋಗ್ತಿರ್ಲಿಲ್ಲ. ಆ ಕೈಯಲ್ಲೇ ಇವನಿಗೆ ಗುಂಡಿ ಹಾಕಿ ಶಾಲೆಗೆ ಕಳಿಸ್ತಿದ್ದೆ. ಒಂದು ದಿನಾನೂ ಬೇಡ ಅಂದವನಲ್ಲ."

ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಮ್ಮ ಅವನ ಭುಜ ಹಿಡಿದುಕೊಂಡೇ ಮೆಲ್ಲಗೆ ಕೂತಳು. ಫೋಟೊದವರು ಇವನ ಕಡೆ ಕ್ಯಾಮೆರಾ ತಿರುಗಿಸಿದರು. ಎಲ್ಲರೂ ತಟ್ಟುತ್ತಿದ್ದರು, ಅವನೂ ತಟ್ಟಿದ.